ನಮ್ಮ ಜೀಪಿನ ಕೆಂಪು ಆಯಿಲ್

ಮನೆಯಲ್ಲಿ ಹಳೇ ಜೀಪು ಇಟ್ಟುಕೊಂಡ ಗಂಡಸನ್ನ ಕಂಡ್ರೆ ಜನ ಅಯ್ಯೋ ಪಾಪ ಅಂತಾರೆ. ಅನ್ನಲಿ ಬಿಡಿ. ಜೀಪು ಇರೋದು ಎಲ್ಲಿಗಾದ್ರೂ ಹೋಗೋದಕ್ಕೆ ಅಂತ ಅವರು ತಿಳ್ಕೊಂಡಿದ್ದಾರೆ, ಅದೇ ತಪ್ಪು. ಹೋಗೋದಕ್ಕೆ ಬಸ್ಸಿದೆ. ಬಸ್ಸು ತಪ್ಪಿದ್ರೆ ಭೈರುಂಬೆ ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತ್ರೆ ಯಾರಾದ್ರೂ ಪರಿಚಯದವರು ಬೈಕಿಗೆ ಹತ್ತಿಸ್ಕೊಳ್ತಾರೆ. ಹಳೇ ಜೀಪು ಇರೋದು ಅದರ ಅಡಿ ಮಲಗೋದಕ್ಕೆ. ನಲವತ್ತು ವರ್ಷ ಸಂಸಾರ ಮಾಡಿ ನಾನು ಕಂಡುಹಿಡಿದದ್ದು ಇದೊಂದೇ. ಜಗಲಿ ಮೇಲೆ ಕೂತ ಗಂಡನ ಹತ್ರ ಕಾಯಿ ತುರಿಯೋ ಕೆಲಸ ಬರ್ತದೆ, ಜೀಪಿನ ಅಡಿ ಮಲಗಿದ ಗಂಡನ ಹತ್ರ ಚಾ ಬರ್ತದೆ. ಎರಡು ಕಾಲು ಮಾತ್ರ ಹೊರಗೆ ಕಾಣ್ತಿರಬೇಕು. ಆಗಾಗ ನಟ್ಟು ಬಿಚ್ಚೋ ಒಂದು ಪಾನಾ ತಗೊಂಡು ಇನ್ನೊಂದಕ್ಕೆ ಬಡಿದು ಟಣ್ ಅನ್ನಿಸ್ತಿರಬೇಕು. ಅಷ್ಟಾದ್ರೆ ಸಾಕು, ಮನೆಯಲ್ಲಿ ಯಾರೂ ಮಾತಾಡಿಸೋದಿಲ್ಲ. ನಾನಂತೂ ಅಡಿಯಲ್ಲೇ ಒಂದು ನಿದ್ದೆ ತೆಗೆದು, ಎದ್ದ ಕೂಡಲೇ ಟಣ್ ಅನ್ನಿಸಿ, "ಛೇ, ಈ ನಟ್ಟು ಒಂದು ಬರೋದಿಲ್ಲ" ಅಂತ ಕೂಗಿದ್ದುಂಟು.

ಹಾಗಂತ ನನಗೆ ರಿಪೇರಿ ಬರೋದಿಲ್ಲ ಅಂತಲ್ಲ. ಹಳೇ ಫೋರ್ ವೀಲ್ ಜೀಪನ್ನ ಮನೆಯಲ್ಲೇ ಬಿಚ್ಚಿ ಮನೆಯಲ್ಲೇ ಜೋಡಿಸೋರು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕು ಸೇರಿಸಿದ್ರೆ ಮೂರೇ ಜನ. ಅದರಲ್ಲಿ ಇಬ್ಬರು ತೀರಿಕೊಂಡ್ರು. ನನ್ನ ಜೀಪಿಗೆ ಈಗ ಹತ್ತಿರ ಹತ್ತಿರ ಮೂವತ್ತೈದು ವರ್ಷ, ಸರ್ಕಾರಿ ಹರಾಜಿನಲ್ಲಿ ಹಿಡಿದದ್ದು. ದೊಡ್ಡ ಗೇರಿನ ಪಕ್ಕದಲ್ಲಿ ಒಂದು ಕುಳ್ಳ ಗೇರಿದೆ. ಅದನ್ನ ಎಳೆದ್ರೆ ಮುಂದಿನ ಗಾಲಿಗೂ ಜೀವ ಬಂದು ನಾಲ್ಕೂ ಗಾಲಿ ತಿರುಗ್ತವೆ. ಆ ಕುಳ್ಳ ಗೇರನ್ನ ನಾನು ಇಷ್ಟು ವರ್ಷದಲ್ಲಿ ಮೂರು ಸಲ ಎಳೆದಿದ್ದೇನೆ, ಅದರ ಬಗ್ಗೆ ಮೂರು ಸಾವಿರ ಸಲ ಮಾತಾಡಿದ್ದೇನೆ. ಜೀಪಿನ ವಿಷಯದಲ್ಲಿ ನಾನು ಏನು ಹೇಳಿದ್ರೂ ಜನ ನಂಬ್ತಾರೆ. ನನ್ನ ಹೆಂಡ್ತಿಯ ತಮ್ಮ ಸುಬ್ರಾಯ ಭಾವ ಸಿದ್ದಾಪುರದಲ್ಲಿದ್ದಾನೆ, ಕಾಲೇಜಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವ. ಅವ ಹೊಸದಾಗಿ ಕಾರು ತಗೊಂಡಾಗ, "ಹಾರ್ನ್ ಹೊಡೆಯೋ ಮುಂಚೆ ಬ್ರೇಕ್ ಒತ್ತು ಭಾವ, ಇಲ್ಲದಿದ್ರೆ ಬ್ಯಾಟರಿ ಇಳೀತದೆ" ಅಂತ ಹೇಳಿಕೊಟ್ಟಿದ್ದೆ. ಪುಣ್ಯಾತ್ಮ ಆರು ತಿಂಗಳು ಹಾಗೇ ಓಡಿಸಿದ. ಅವನ ಹಿಂದೆ ಬರೋರೆಲ್ಲ ಮುಂದೆ ಏನೋ ದನ ಅಡ್ಡ ಬಂತು ಅಂತ ತಾವೂ ನಿಲ್ಲಿಸ್ತಿದ್ರು. ಗೊತ್ತಾದ ಮೇಲೆ ಒಂದು ವರ್ಷ ನಮ್ಮನೆ ಕಡೆ ತಲೆ ಹಾಕಲಿಲ್ಲ.

ಇಂಥ ನಾನು ನನ್ನದೇ ಒಂದು ಸುಳ್ಳಿನ ಗಾಲಿಯ ಕೆಳಗೆ ಸಿಕ್ಕಿಬಿದ್ದ ಕತೆ ಇದು. ಹೇಳೋದಕ್ಕೆ ನಾಚಿಕೆ ಆಗ್ಬೇಕು ನಿಜ, ಆದ್ರೆ ನಾಚಿಕೆ ಆಗೋ ವಯಸ್ಸು ದಾಟಿ ಬಹಳ ದಿವಸ ಆಯ್ತು.

ಕಳೆದ ದೀಪಾವಳಿ ಮುಗಿದ ಮೇಲೆ ಹಲ್ಲು ನೋವು ಅಂತ ಶಿರಸಿಗೆ ಹೋಗಿದ್ದೆ. ಡಾಕ್ಟ್ರು ಬಾಯೊಳಗೆ ಲೈಟು ಬಿಟ್ಟು, ಮನೆ ಕಟ್ಟೋಕೆ ಜಾಗ ನೋಡಿದವರ ಹಾಗೆ ಆಚೆ ಈಚೆ ನೋಡಿ, "ಹೆಗಡೇರೇ, ಕವಳ ಬಿಡ್ಬೇಕು. ಇವತ್ತಿಂದಲೇ" ಅಂದ್ರು. ನಮ್ಮ ಕಡೆ ಕವಳ ಅಂದ್ರೆ ಎಲೆ, ಅಡಿಕೆ, ಸುಣ್ಣ, ತಂಬಾಕು. ನಮ್ಮ ಕಡೆಯವನಿಗೆ ಕವಳ ಬಿಡು ಅನ್ನೋದು, ದಿನಕ್ಕೆ ಹನ್ನೆರಡು ಸಲ ಮಾತು ನಿಲ್ಲಿಸೋದಕ್ಕಿರೋ ನೆಪವನ್ನೇ ಕಿತ್ಕೊಂಡ ಹಾಗೆ. ಕಷ್ಟದ ಪ್ರಶ್ನೆ ಬಂದ್ರೆ ಕವಳ ಹಾಕ್ಬೇಕು, ಬಾಯಿ ತುಂಬಿದೆ ಅಂತ ಕೈ ಆಡಿಸ್ಬೇಕು, ಉಗಿದು ಬರೋಷ್ಟರಲ್ಲಿ ಪ್ರಶ್ನೆ ಕೇಳಿದವನೇ ಮರೆತಿರ್ತಾನೆ. ಮೂರು ಜನ ಸೊಸೈಟಿ ಅಧ್ಯಕ್ಷರು ಹೀಗೇ ಅವಧಿ ಮುಗಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ.

ಅದೇ ವಾರ ನನ್ನ ಹೆಂಡ್ತಿ ಸಾವಿತ್ರಿಗೂ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಜಾಸ್ತಿ ಆಗೋ ಹಾಗೆ ಕಾಣ್ತದೆ, ಸಿಹಿ ಕಮ್ಮಿ ಮಾಡಿ ಅಂದಿದ್ರು. ಅವಳಿಗೆ ಚಾ ಅಂದ್ರೆ ಲೋಟಕ್ಕೆ ಮೂರು ಚಮಚ ಸಕ್ಕರೆ. ಆ ಸಂಜೆ ಅವಳೇ ಬಂದು, "ಒಂದು ಮಾತು ಹೇಳ್ತೆ. ನಿಂಗ ಕವಳ ಬಿಡಿ, ಆನು ಚಾಕ್ಕೆ ಸಕ್ರೆ ಬಿಡ್ತೆ. ಇಬ್ರೂ ಒಟ್ಟಿಗೆ. ಆಗ್ತಾ?" ಅಂದ್ಳು. ನಾನು ದೊಡ್ಡದಾಗಿ ಎದ್ದು ನಿಂತು, ಎಲೆಯ ಸಂಚಿಯನ್ನ ಅವಳ ಕೈಗೇ ಕೊಟ್ಟು, "ಆತು" ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ಇನ್ನೊಂದು ಸಂಚಿ ಜೀಪಿನಲ್ಲಿ ಇದೆ ಅನ್ನೋದು ನನಗೂ ಆಗ ನೆನಪಾಗ್ಲಿಲ್ಲ, ದೇವರಾಣೆ. ನೆನಪಾದದ್ದು ಮಾರನೇ ದಿನ ಬೆಳಿಗ್ಗೆ ಆರೂವರೆಗೆ.

ಅವತ್ತಿಂದ ಸಾವಿತ್ರಿ ಸಪ್ಪೆ ಚಾ ಕುಡಿಯೋಕೆ ಶುರು ಮಾಡಿದ್ಳು. ಒಂದೊಂದು ಗುಟುಕಿಗೂ ಮುಖ ಹಿಂಡ್ತಾಳೆ, ನನ್ನನ್ನ ನೋಡ್ತಾಳೆ, ಅವರೇ ಬಿಟ್ಟಿದ್ದಾರೆ ನನಗೇನು ಅಂತ ಮತ್ತೊಂದು ಗುಟುಕು ನುಂಗ್ತಾಳೆ. ನಾನು ಅಷ್ಟು ಹೊತ್ತಿಗೆ, "ಸ್ವಲ್ಪ ಜೀಪಿನ ಬ್ಯಾಟರಿ ನೋಡ್ತೆ" ಅಂತ ಏಳ್ತೇನೆ. ಶೆಡ್ಡಿಗೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು, ಆ ಸಂಚಿಯಿಂದ ಸೀಟಿನ ಅಡಿಯ ಖಾಲಿ ಗ್ರೀಸಿನ ಡಬ್ಬಿಗೆ ದಾಟಿಸಿಟ್ಟ ಎಲೆ ತೆಗೆದು, ಅಚ್ಚುಕಟ್ಟಾಗಿ ಒಂದು ಕವಳ. ಉಗಿಯೋದಕ್ಕೂ ಇಳಿಯೋದು ಬೇಡ. ಕ್ಲಚ್ಚಿನ ಪಕ್ಕದಲ್ಲಿ ಜೀಪಿನ ತಳ ತುಕ್ಕು ಹಿಡಿದು ಲಿಂಬೆಹಣ್ಣಿನಷ್ಟು ತೂತು ಬಿದ್ದಿದೆ. ಸೀಟಿನಲ್ಲಿ ಕೂತಲ್ಲಿಂದ ಆ ತೂತಿಗೆ ಗುರಿಯಿಟ್ಟು ಉಗುಳಿದ್ರೆ ಅಂಚಿಗೂ ತಾಗೋದಿಲ್ಲ. ಈ ವಿದ್ಯೆಗೆ ಸ್ಪರ್ಧೆ ಇಟ್ರೆ ಜಿಲ್ಲಾ ಮಟ್ಟದಲ್ಲಿ ನಾನೇ. ಪ್ರತಿದಿನ ಒಂದು ಹಿಡಿ ಮಣ್ಣು ಹಾಕಿ ಮುಚ್ಚಿಬಿಡ್ತಿದ್ದೆ. ಮೂರು ತಿಂಗಳು ಹೀಗೆ ಸುಖವಾಗಿ ನಡೀತು.

ಒಂದು ದಿನ ಮಣ್ಣು ಹಾಕೋದು ಮರೆತೆ. ಸಾವಿತ್ರಿ ಯಾರದ್ದೋ ಮನೆಯ ಕೋಳಿ ಓಡಿಸ್ಕೊಂಡು ಶೆಡ್ಡಿಗೆ ಬಂದವಳು ಬಗ್ಗಿ ನೋಡಿ, "ಇದೆಂತದು ಕೆಂಪಗೆ?" ಅಂದ್ಳು.

ನಿಜ ಹೇಳೋದಕ್ಕೆ ಒಂದು ಕ್ಷಣ ಸಿಕ್ಕಿತ್ತು. ಆದ್ರೆ ಅರವತ್ತೆಂಟು ವರ್ಷದ ಅಭ್ಯಾಸ ನೋಡಿ, ಬಾಯಿ ತನ್ನಷ್ಟಕ್ಕೆ ತಾನೇ ಓಡಿತು. "ಆಯಿಲ್ ಲೀಕು" ಅಂದೆ.

"ಆಯಿಲ್ಲು ಕೆಂಪಗೆ ಇರ್ತಾ?"

"ಫೋರ್ ವೀಲಿಂದು ಕೆಂಪಗೇ ಇರ್ತು" ಅಂದೆ. ಕುಳ್ಳ ಗೇರಿನ ಕಡೆ ಕೈ ತೋರಿಸಿದ್ದರಿಂದ ಮಾತಿಗೆ ತೂಕ ಬಂತು.

ಅವಳು ಅಲ್ಲಿಗೆ ಬಿಡಬಹುದಿತ್ತು. ಆದ್ರೆ ಗಂಡ ಕವಳ ಬಿಟ್ಟ ದಿನದಿಂದ ಅವಳಿಗೆ ನನ್ನ ಮೇಲೆ ಪ್ರೀತಿ ಉಕ್ಕಿಬಿಟ್ಟಿತ್ತು. ಪಾಪ, ಚಟ ಬಿಟ್ಟು ಕೂತವರು, ಇರೋದೊಂದು ಜೀಪು, ಅದೂ ಹಾಳಾದ್ರೆ ಹೇಗೆ ಅಂತ ತಾನೇ ತಮ್ಮನಿಗೆ ಫೋನು ಮಾಡಿದ್ಳು. ಸುಬ್ರಾಯ ಭಾವ ಹಾರ್ನಿನ ಸೇಡು ಎಲ್ಲ ಮರೆತು, ಮರುದಿನ ಹತ್ತು ಗಂಟೆಗೆ ಬಂದ. ರಿಟೈರ್ ಆದ ಮೇಲೆ ಅವ ಮೊಬೈಲಿನಲ್ಲಿ ಗಾಡಿ ರಿಪೇರಿಯ ವಿಡಿಯೋ ನೋಡಿ ನೋಡಿ ದೊಡ್ಡ ಮೆಕ್ಯಾನಿಕ್ ಆಗಿದ್ದಾನೆ, ಕೈಗೆ ಮಾತ್ರ ಇನ್ನೂ ಗ್ರೀಸು ತಾಗಿಲ್ಲ. ಜೀಪಿನ ಅಡಿ ಬಗ್ಗಿ, ಆ ಕೆಂಪನ್ನ ಬೆರಳಿಗೆ ಹಚ್ಕೊಂಡು, ಎರಡು ಬೆರಳಲ್ಲಿ ಉಜ್ಜಿ, ಕಣ್ಣು ಮುಚ್ಚಿ ಮೂಸಿದ.

"ಬೇರಿಂಗು ಸುಟ್ಟ ವಾಸನೆ ಬತ್ತಾ ಇದ್ದು ಭಾವ. ಒಳಗೆ ಸೀಲು ಹೋಯ್ದು. ಹೊಗೆ ಹಿಡಿದ ಹಾಂಗೆ ಒಂಥರಾ ಖಾರ ಖಾರ" ಅಂದ. ತಂಬಾಕಿನ ವಾಸನೆಯನ್ನ ಇಷ್ಟು ಚೆನ್ನಾಗಿ ಯಾರೂ ಬಣ್ಣಿಸಿದ್ದನ್ನ ನಾನು ಕೇಳಿರಲಿಲ್ಲ. ಅಷ್ಟಕ್ಕೇ ಬಿಡದೆ, ಆ ಬೆರಳನ್ನ ನಾಲಗೆಯ ಹತ್ರ ತಗೊಂಡು ಹೋದ. "ನಾಲಗೇಲಿ ನೋಡಿದ್ರೆ ಯಾವ ಗ್ರೇಡು ಹೇಳಿ ಗೊತ್ತಾಗ್ತಡ, ವಿಡಿಯೋದಲ್ಲಿ ತೋರ್ಸಿದ್ದ" ಅಂದ. ನಾನು ಜೀವಮಾನವಿಡೀ ಅವನಿಗೆ ಟೋಪಿ ಹಾಕ್ತಾ ಬಂದವನೇ, ಆದ್ರೂ ಮನುಷ್ಯತ್ವ ಅನ್ನೋದೊಂದು ಇದೆಯಲ್ಲ. ಹಾರಿ ಅವನ ಕೈ ಹಿಡಿದೆ. "ಬ್ಯಾಡ ಭಾವ, ವಿಷ ಅದು" ಅಂದೆ. ಅದೊಂದು ನಿಜ ಹೇಳಿದೆ, ಡಾಕ್ಟ್ರು ಹೇಳಿದ್ದೇ ಅದು.

ಸುಬ್ರಾಯ ಭಾವ ಅಲ್ಲಿಗೆ ನಿಲ್ಲಿಸದೆ ಎಕ್ಕಂಬಿಯಿಂದ ಮಂಜಪ್ಪನನ್ನ ಕರೆಸಿದ. ಮಂಜಪ್ಪ ಇಪ್ಪತ್ತೈದು ವರ್ಷ ಸರ್ಕಾರಿ ಜೀಪು ಓಡಿಸಿ ಈಗ ಮನೆಯಲ್ಲಿರೋ ಡ್ರೈವರು. ಬಂದವನೇ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಹೋದವರ ಹಾಗೆ ಜೀಪಿಗೆ ಒಂದು ಸುತ್ತು ಬಂದ. "ಏನ್ರೀ ಹೆಗಡೇರ, ಗಾಡಿ ರಕ್ತ ಕಾರಾಕ ಹತ್ತೈತಲ್ರಿ! ನೀವು ಬಿಚ್ಚಾಕ ಬರೂದಿಲ್ಲ ಅಂತ ಕುಂತೀರೇನು?" ಅಂದ. ಮೂರು ತಾಲೂಕಿನಲ್ಲಿ ಉಳಿದಿರೋ ಒಬ್ಬನೇ ಒಬ್ಬ ಮನೆ ಮೆಕ್ಯಾನಿಕ್ಕಿಗೆ ಹೀಗೆ ಕೇಳಿದ್ರೆ ಏನು ಮಾಡ್ಬೇಕು ಹೇಳಿ? ನಾನೇ ಪಾನಾ ತಂದೆ. ಇಬ್ಬರೂ ಸೇರಿ ಕುಳ್ಳ ಗೇರಿನ ಪೆಟ್ಟಿಗೆಯ ಆಯಿಲ್ ಪೂರ್ತಿ ಇಳಿಸಿ, ಅದು ಸೋರದ ಹಾಗೆ ತಡೆಯೋ ಹಳೇ ರಬ್ಬರ್ ಸೀಲು ತೆಗೆದ್ವಿ. ಸೀಲು ನನ್ನ ಮದುವೆಯ ಉಂಗುರಕ್ಕಿಂತ ಗಟ್ಟಿಯಾಗಿತ್ತು. ಆದ್ರೂ ಮಂಜಪ್ಪ ಅದನ್ನ ಬೆಳಕಿಗೆ ಹಿಡಿದು, "ಇಲ್ಲೇ ಐತ್ ನೋಡ್ರಿ ಸೀಳು, ಕೂದ್ಲಷ್ಟು" ಅಂದ. ಸುಬ್ರಾಯ ಭಾವನಿಗೂ ಕಂಡಿತು. ನಿಜ ಹೇಳ್ತೇನೆ, ಅವರು ಅಷ್ಟು ಖಾತ್ರಿಯಾಗಿ ಹೇಳಿದ ಮೇಲೆ ನನಗೂ ಸ್ವಲ್ಪ ಕಂಡಿತು.

ಅವತ್ತೇ ನಾನು ಕವಳ ನಿಲ್ಲಿಸಿದ್ರೆ ಲೀಕು ತಾನೇ ನಿಲ್ತಿತ್ತು. ಮಂಜಪ್ಪನಿಗೆ ಒಳ್ಳೇ ಹೆಸರು, ನನಗೆ ಒಳ್ಳೇ ಜೀಪು, ಸಾವಿತ್ರಿಗೆ ಒಳ್ಳೇ ಗಂಡ. ಎಲ್ಲ ಸರಿ ಹೋಗ್ತಿತ್ತು. ಹಾಗೇ ಮಾಡೋದು ಅಂತ ತೀರ್ಮಾನ ಮಾಡಿಯೇ ಮಲಗಿದೆ. ಆದ್ರೆ ಬೆಳಿಗ್ಗೆ ಎದ್ದು ನೋಡ್ತೇನೆ, ನನ್ನ ಜೀಪಿನ ಹೊಟ್ಟೆಯೊಳಗಿದ್ದದ್ದೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಮಲಗಿದೆ. ಆ ಸಂಕಟಕ್ಕೆ ಒಂದು ಕವಳ ಹಾಕದೆ ಇರೋದಕ್ಕೆ ನಾನೇನು ಕಲ್ಲೇ? ಹತ್ತು ಗಂಟೆಗೆ ಮಂಜಪ್ಪ ಬಂದು ನೋಡಿದ್ರೆ ಮತ್ತೆ ಕೆಂಪು. "ಅಲ್ರೀ, ಆಯಿಲ್ಲೇ ಇಲ್ಲ ಒಳಗ, ಸೋರಾದೇನು?" ಅಂತ ತಲೆ ಕೆರ್ಕೊಂಡ. ಆಗ ಸುಬ್ರಾಯ ಭಾವ ಕನ್ನಡಕ ಸರಿ ಮಾಡ್ಕೊಂಡು, "ಅದಕ್ಕೇ ಹೇಳದು. ಮೂವತ್ತೈದು ವರ್ಷದ ಕಬ್ಬಿಣ ಆಯಿಲ್ ಕುಡಿದು ಕೂತಿರ್ತು. ಈಗ ಮೆಲ್ಲಗೆ ಬಿಡ್ತಾ ಇದ್ದು" ಅಂದ. ಮಂಜಪ್ಪ ಹೌದು ಅಂತ ತಲೆಯಾಡಿಸಿದ. ನಾನು ಅವತ್ತೇ ಅಂದ್ಕೊಂಡೆ, ಸುಳ್ಳು ಹೇಳೋದು ದೊಡ್ಡ ವಿದ್ಯೆ ಏನಲ್ಲ, ಅದನ್ನ ಎತ್ತಿ ನಿಲ್ಲಿಸೋದಕ್ಕೆ ಓದಿದವರು ಬೇಕು.

ಆಮೇಲಿನದ್ದು ಲೆಕ್ಕವಿಲ್ಲ. ಅವರು ಒಂದು ಬಿಚ್ಚಿದ್ರೆ ನನಗೆ ಸಂಕಟ, ಸಂಕಟಕ್ಕೆ ಕವಳ, ಕವಳಕ್ಕೆ ಕೆಂಪು, ಕೆಂಪು ಕಂಡ್ರೆ ಅವರು ಇನ್ನೊಂದು ಬಿಚ್ಚೋದು. ಗೇರು ಪೆಟ್ಟಿಗೆ ಆಯ್ತು, ಮುಂದಿನ ಶಾಫ್ಟು ಆಯ್ತು, ಬ್ರೇಕಿನ ಪೈಪಿನ ಮೇಲೂ ಅನುಮಾನ ಬಂತು. ಜೀಪಿನ ಬಾನೆಟ್ ತೆಗೆದ್ರೆ ನಮ್ಮ ಕಡೆ ಅದೊಂದು ಸಭೆ, ರಸ್ತೆಯಲ್ಲಿ ಹೋಗೋರೆಲ್ಲ ಇಳಿದು ಬಂದು ಒಂದು ಮಾತು ಹೇಳಿಯೇ ಹೋಗ್ತಾರೆ. ಸಾವಿತ್ರಿ ಎಲ್ಲರಿಗೂ ಸಕ್ಕರೆ ಹಾಕಿದ ಚಾ ಕೊಟ್ಟು, ತಾನು ಒಳಗೆ ಹೋಗಿ ಸಪ್ಪೆ ಚಾ ಕುಡಿದು ಬರ್ತಿದ್ಳು. ಬಂದವರ ಹತ್ರವೆಲ್ಲ, "ಕವಳ ಬಿಟ್ಟ ಮೇಲೆ ಇವಕ್ಕೆ ಜೀಪೇ ಜೀವ ಆಗೋಯ್ದು" ಅಂತ ನನ್ನ ಹೊಗಳ್ತಿದ್ಳು. ಆ ಹೊಗಳಿಕೆ ಕೇಳೋದಕ್ಕಿಂತ ಜೀಪಿನ ಅಡಿ ಹೋಗೋದು ಸುಲಭ. ಆದ್ರೆ ಅಡಿಯಲ್ಲಿ ಮಂಜಪ್ಪ ಇರ್ತಿದ್ದ.

ಕೊನೆಗೆ ಶಿರಸಿಯಿಂದ ಖಾದರ್ ಸಾಬ್ರನ್ನ ಕರೆಸಿದ್ವಿ. ನನ್ನ ವಯಸ್ಸಿನವರೇ, ಗ್ಯಾರೇಜು ಇಟ್ಟು ಇಡೀ ಆಯುಷ್ಯ ಜೀಪಿನ ಅಡಿಯೇ ಕಳೆದವರು. ನಿಜವಾದ ಕೆಲಸಗಾರ. ಬಂದವರು ಯಾರ ಮಾತನ್ನೂ ಕೇಳಲಿಲ್ಲ. ನೆಲ ನೋಡಿದ್ರು. ತಲೆಯೆತ್ತಿ ಜೀಪಿನ ತಳದ ತೂತು ನೋಡಿದ್ರು. ಆಮೇಲೆ ನನ್ನ ಮುಖ ನೋಡಿದ್ರು. "ಸ್ವಲ್ಪ ಗ್ರೀಸ್ ಕೊಡಿ" ಅಂತ, ನಾನು ಎದ್ದು ತಡೆಯೋದರೊಳಗೆ ಸೀಟಿನ ಅಡಿಯಿಂದ ಡಬ್ಬಿ ಎಳೆದು ಮುಚ್ಚಳ ತೆಗೆದೇಬಿಟ್ರು. ಒಳಗೆ ಹಸಿರೆಲೆ, ಹೋಳಡಿಕೆ, ಸುಣ್ಣದ ಡಬ್ಬಿ, ತಂಬಾಕಿನ ಪೊಟ್ಟಣ. ಸುಬ್ರಾಯ ಭಾವ ಆಚೆ ಯಾವುದೋ ವಿಡಿಯೋ ನೋಡ್ತಿದ್ದ. ಖಾದರ್ ಸಾಬ್ರು ಮುಚ್ಚಳ ಹಾಕಿ, "ಗ್ರೀಸ್ ಒಳ್ಳೇದಿದೆ" ಅಂದ್ರು.

ಎಲ್ಲರೂ ಊಟಕ್ಕೆ ಹೋದ ಮೇಲೆ ನನ್ನನ್ನ ಬದಿಗೆ ಕರೆದು, "ಹೆಗಡೇರೇ, ನಲವತ್ತು ವರ್ಷದಲ್ಲಿ ನಾನು ಬಹಳ ಲೀಕ್ ನೋಡಿದ್ದೀನಿ. ಗಾಡಿ ಮಾಲೀಕನೇ ಲೀಕ್ ಆಗೋದು ಇದೇ ಮೊದಲು. ಇದಕ್ಕೆ ಸೀಲ್ ನಮ್ಮ ಶಿರಸಿಯಲ್ಲಿ ಸಿಗೋದಿಲ್ಲ" ಅಂದ್ರು.

"ಸಾಬ್ರೇ, ಮರ್ಯಾದೆ ಪ್ರಶ್ನೆ" ಅಂದೆ.

"ಗಾಡಿ ನಾನು ತಗೊಂಡು ಹೋಗ್ತೀನಿ. ಈ ನಿಮ್ಮ ಪಂಡಿತರು ಬಿಚ್ಚಿದ್ದೆಲ್ಲ ಕೂಡಿಸೋಕೆ ಒಂದು ವಾರ ಬೇಕು. ರಿಪೇರಿ ಆಯ್ತು ಅಂತ ಹೇಳಿ ತಂದು ಬಿಡ್ತೀನಿ. ಅಲ್ಲಿವರೆಗೆ ನೀವು ಬಾಯಿ ಮುಚ್ಚಿಕೊಂಡಿರಿ. ಆಮೇಲೂ ಮುಚ್ಚಿಕೊಂಡೇ ಇರಿ. ಅಮ್ಮ ನೋಡಿ, ಪಾಪ, ಬೇವಿನ ಕಷಾಯದ ಹಾಗೆ ಚಾ ಕುಡೀತಾರೆ" ಅಂದ್ರು. ಹೇಳಿ, ಡಬ್ಬಿಯಿಂದ ತಮಗೊಂದು ಕವಳ ಮಾಡ್ಕೊಂಡ್ರು.

ಜೀಪನ್ನ ಅವರ ಪಿಕಪ್ಪಿಗೆ ಹಗ್ಗ ಕಟ್ಟಿ ಎಳೆದ್ಕೊಂಡು ಹೋದ್ರು. ಬಿಡಿ ಸಾಮಾನು ಮೂರು ಗೋಣಿಚೀಲ ಹಿಂದೆ ಹೋಯ್ತು. ನಾನು ಬೀಳ್ಕೊಟ್ಟು ಬಂದು, ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಸಾವಿತ್ರಿ ಶೆಡ್ಡು ಖಾಲಿ ಆದದ್ದೇ ತಡ, ಎಷ್ಟೋ ವರ್ಷದ ಕೊಳೆ ಅಂತ ಸೋಪಿನ ಪುಡಿ ಹಾಕಿ ಇಡೀ ನೆಲ ತಿಕ್ಕಿ ತೊಳೆದ್ಳು. ನೆಲದ ಸಿಮೆಂಟು ಯಾವ ಬಣ್ಣ ಅಂತ ನನಗೆ ಅವತ್ತೇ ಗೊತ್ತಾದದ್ದು.

ಮೂರನೇ ದಿನ ಬೆಳಿಗ್ಗೆ. ನೀವು ನಂಬಿದ್ರೆ ನಂಬಿ, ನನ್ನ ತಲೆಯಲ್ಲಿ ಕೆಟ್ಟ ಯೋಚನೆ ಏನೂ ಇರಲಿಲ್ಲ. ಚಾ ಆಯ್ತು, ಕಾಲು ತನ್ನಷ್ಟಕ್ಕೆ ಶೆಡ್ಡಿಗೆ ಹೋಯ್ತು. ಜೀಪಿಲ್ಲ. ಒಂದು ಮರದ ಪೆಟ್ಟಿಗೆ ಇತ್ತು, ಡ್ರೈವರ್ ಸೀಟು ಇರ್ತಿದ್ದ ಜಾಗದಲ್ಲೇ ಹಾಕ್ಕೊಂಡು ಕೂತೆ. ಡಬ್ಬಿ ಗೋಡೆಯ ಗೂಡಿನಲ್ಲಿತ್ತು, ಖಾದರ್ ಸಾಬ್ರು ಉದಾರವಾಗಿ ಬಿಟ್ಟುಹೋಗಿದ್ರು. ಕವಳ ಹಾಕಿದೆ. ಜೀಪಿದ್ದಿದ್ರೆ ಈಗ ಎಷ್ಟು ಚೆನ್ನಾಗಿತ್ತು ಅಂತ ಯೋಚಿಸ್ತಾ, ತೂತು ಇದ್ದಿದ್ರೆ ಎಲ್ಲಿರ್ತಿತ್ತೋ ಅಲ್ಲಿಗೇ ಗುರಿಯಿಟ್ಟು ಉಗಿದೆ. ಎರಡು ಸಲ. ಮೂರನೇದಕ್ಕೆ ಬಾಯಿ ತುಂಬ್ತಾ ಇತ್ತು, ಬಾಗಿಲಲ್ಲಿ ನೆರಳು ಬಿತ್ತು.

ಸಾವಿತ್ರಿ ತೊಳೆದ ನೆಲ ನೋಡಿದ್ಳು. ಬಿಳಿ ಸಿಮೆಂಟಿನ ನಟ್ಟ ನಡುವೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ತಲೆಯೆತ್ತಿ ಮೇಲೆ ನೋಡಿದ್ಳು, ತಗಡು ಬಿಟ್ರೆ ಏನೂ ಇಲ್ಲ. ಜೀಪಿರೋ ಜಾಗ ನೋಡಿದ್ಳು, ಅಲ್ಲಿ ನಾನಿದ್ದೆ.

"ಜೀಪು ಎಲ್ಲಿದ್ದು?" ಅಂತ ಮೆಲ್ಲಗೆ ಕೇಳಿದ್ಳು.

ಬಾಯಿ ತುಂಬ ರಸ. "ಊಂ" ಅಂದು ಶಿರಸಿಯ ದಿಕ್ಕಿಗೆ ಕೈ ತೋರಿಸಿದೆ.

"ಹಂಗಾದ್ರೆ ಈ ಲೀಕು?"

ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಹತ್ರ ಒಂದೇ ಒಂದು ಸುಳ್ಳೂ ಇರಲಿಲ್ಲ. ಇದ್ದಿದ್ರೂ ಹೇಳೋದಕ್ಕೆ ಬಾಯಿ ಖಾಲಿ ಇರಲಿಲ್ಲ. ಉಗಿಯೋದಕ್ಕೆ ಜಾಗವಿಲ್ಲ, ನುಂಗಿದ್ರೆ ತಲೆ ತಿರುಗ್ತದೆ. ನುಂಗಿದೆ.

ಅವಳು ಬೈತಾಳೆ ಅಂತ ಕಾದೆ. ಸೀದಾ ಒಳಗೆ ಹೋದ್ಳು. ನಾನು ತಲೆ ತಿರುಗೋದು ಸ್ವಲ್ಪ ನಿಂತ ಮೇಲೆ ಅಡಿಗೆಮನೆ ಬಾಗಿಲಿಗೆ ಹೋದೆ. ಸಕ್ಕರೆ ಡಬ್ಬಿ ತೆಗೆದು ಮುಂದೆ ಇಟ್ಕೊಂಡಿದ್ಳು. ಬಿಸಿ ಚಾಕ್ಕೆ ಒಂದು ಚಮಚ ಹಾಕಿದ್ಳು. ನನ್ನನ್ನ ನೋಡ್ತಾ ಎರಡನೇದು. ಮೂರನೇದು ಹಾಕಿ ಕದಡಿ, ಲೋಟ ತುಟಿಯ ಹತ್ರ ತಂದು, ಯಾಕೋ ಹಾಗೇ ಕೆಳಗಿಟ್ಳು. "ಮೂರು ತಿಂಗಳ ಮೇಲಾತು. ಈಗ ಕುಡಿಯಕ್ಕೂ ಆಗ್ತಿಲ್ಲೆ" ಅಂತ ಆ ಚಾ ನನ್ನ ಕಡೆಗೆ ದೂಡಿದ್ಳು. ಕುಡಿದೆ. ಲೋಟ ನಾನೇ ತೊಳೆದಿಟ್ಟೆ.

ಅವತ್ತು ಗ್ರೀಸಿನ ಡಬ್ಬಿ ಹೊಳೆಗೆ ಹೋಯ್ತು. ನಿಜವಾಗಿ ಬಿಟ್ಟೆ. ನೀವು ನಗ್ತೀರಿ ಅಂತ ಗೊತ್ತು, ಆದ್ರೂ ಬಿಟ್ಟೆ.

ಜೀಪು ವಾರದ ಮೇಲೆ ಬಂತು. ಖಾದರ್ ಸಾಬ್ರು ಒಳ್ಳೇ ಕೆಲಸಗಾರರೇ, ಆದ್ರೆ ಮಂಜಪ್ಪ ಕೈಯಾಡಿಸಿದ ಮೇಲೆ ಯಾರಿದ್ರೂ ಎಷ್ಟು ಮಾಡಿಯಾರು? ಅದೂ ಅಲ್ಲದೆ ಎಲ್ಲ ಕೂಡಿಸಿದ ಮೇಲೂ ಎರಡು ನಟ್ಟು ಉಳಿದವಂತೆ. ಹದಿನೈದೇ ದಿನಕ್ಕೆ ಅಡಿಯಲ್ಲಿ ಒಂದು ಹನಿ ಕಂಡಿತು. ಬೆರಳಿಗೆ ಹಚ್ಚಿ ನೋಡಿದೆ, ಅಸಲಿ ಗೇರಾಯಿಲ್ಲು. "ಸಾವಿತ್ರೀ, ಓಡಿ ಬಾರೆ, ಜೀಪು ಲೀಕ್ ಆಗ್ತಾ ಇದ್ದು!" ಅಂತ ಕೂಗಿದೆ.

ಬಂದ್ಳು. ಜೀಪಿನ ಕಡೆ ತಿರುಗಿಯೂ ನೋಡಲಿಲ್ಲ. "ಎಲ್ಲಿ, ಬಾಯಿ ತೆಗಿರಿ" ಅಂದ್ಳು.

"ಅಲ್ವೇ, ನಿಜವಾದ ಆಯಿಲ್ಲು..."

"ತೆಗಿರಿ ಹೇಳಿದ್ನಲಿ."

ತೆಗೆದೆ. ಮೊಬೈಲಿನ ಲೈಟು ಹಾಕಿ ಡಾಕ್ಟ್ರಿಗಿಂತ ಚೆನ್ನಾಗಿ ನೋಡಿದ್ಳು. ಅಷ್ಟಕ್ಕೂ ಸಮಾಧಾನವಾಗದೆ, ಒಂದು ಫೋಟೋ ತೆಗೆದು ಸಿದ್ದಾಪುರಕ್ಕೆ, ಕವಳದ ಕತೆ ಎಲ್ಲ ಮೊದಲೇ ಹೇಳಿದ್ದ ತಮ್ಮನಿಗೆ, ಕಳಿಸಿದ್ಳು. ಐದು ನಿಮಿಷಕ್ಕೆ ಸುಬ್ರಾಯ ಭಾವನ ಫೋನು ಬಂತು. ಸಾವಿತ್ರಿ ನನಗೂ ಕೇಳ್ಲಿ ಅಂತ ಸ್ಪೀಕರ್ ಹಾಕಿದ್ಳು. "ಅಕ್ಕಾ, ಫೋಟೋ ದೊಡ್ಡ ಮಾಡಿ ನೋಡ್ದೆ. ಕವಳ ಕಾಣ್ತಿಲ್ಲೆ. ಆದ್ರೆ ಕೆಳಗಿನ ಎಡಬದಿ ದವಡೆ ಹಲ್ಲು ಎರಡು ಸಡಿಲ ಇದ್ದಾಂಗೆ ಕಾಣ್ತು. ಅದನ್ನ ತೆಗೆದೇ ನೋಡವು. ಆನು ಮಂಜಪ್ಪನ ಕರ್ಕಂಡು ನಾಳೆ ಬತ್ತೆ" ಅಂದ.

ನಾನು ಆಗಿನಿಂದ ಜೀಪಿನ ಅಡಿ ಮಲಗಿದ್ದೇನೆ. ಮೇಲಿಂದ ಆಯಿಲ್ಲು ಹನಿ ಹನಿಯಾಗಿ ನನ್ನ ಹೊಟ್ಟೆಯ ಮೇಲೆ ಬೀಳ್ತಾ ಇದೆ. ಬೀಳಲಿ. ಅಂಗಿಯ ಮೇಲೆ ಕಲೆ ಕಂಡ್ರೆ, ಈ ಸಲದ ಲೀಕು ನಿಜ ಅಂತ ನಾಳೆ ಯಾರಾದ್ರೂ ಒಬ್ಬರು ನಂಬಬಹುದು.